ಅತ್ತೆಯ ಹನಿಸಕಲ್ ನೋಡಿಕೊಂಡಿದ್ದು

ನನ್ನ ಅತ್ತೆ ಡೆಲ್ಫಿಯಾ ಎಪ್ಪತ್ತೊಂದು ವರ್ಷ ಬದುಕಿ ಒಂದೇ ಒಂದು ಸುಳ್ಳು ಹೇಳಿದರು. ಅದನ್ನು ಹೇಳಿದ್ದು ಅವರ ತಾಯಿಯ ಸಮಾಧಿಯ ಮುಂದೆ ನಿಂತು, ನನಗೋಸ್ಕರ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಹೇಗೋ ನುಣುಚಿಕೊಂಡು ಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಅವರ ಸತ್ಯಕ್ಕೆ ನಮ್ಮ ಸ್ಯಾಡ್ಲರ್ ಕಣಿವೆಯಲ್ಲಿ ಎಲ್ಲರೂ ಸ್ವಲ್ಪ ಹೆದರುತ್ತಿದ್ದರು. ಚರ್ಚಿನ ಬಾಗಿಲಲ್ಲಿ ನಿಂತು ಪಾದ್ರಿ ಕೈ ಕುಲುಕಿ, ಇವತ್ತಿನ ಪ್ರವಚನ ಹೇಗಿತ್ತು ಎಂದು ಕೇಳಿದರೆ, "ಉದ್ದ ಆಯ್ತು" ಎನ್ನುತ್ತಿದ್ದರು. ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಲುಚೀಲಗಳ ಬೆರಳ ಕಡೆಯ ತುದಿ ಹೊಲಿದವರು. ಒಂದು ದಿನ ಮೇಸ್ತ್ರಿ ಹಾಳಾದ ಕಾಲುಚೀಲಗಳ ಬುಟ್ಟಿ ತಂದು, ಇದು ಯಾರ ಕೆಲಸ ಎಂದು ಗದರಿದಾಗ ಇಡೀ ಸಾಲಿನಲ್ಲಿ ಕೈ ಎತ್ತಿದ್ದು ಇವರೊಬ್ಬರೇ. ಹಾಳು ಮಾಡಿದವರು ಇನ್ನೂ ಆರು ಜನ ಇದ್ದರಂತೆ. ನಾನು ಸೊಸೆಯಾಗಿ ಬಂದ ಮೊದಲ ಕ್ರಿಸ್ಮಸ್‌ಗೆ ಬೆಳಗಿನಿಂದ ಮೈಮುರಿದು ಸೇಬಿನ ಕೇಕು ಮಾಡಿದ್ದೆ. ಒಂದು ತುಂಡು ಬಾಯಿಗಿಟ್ಟು, "ಕಾಫೀಲಿ ಅದ್ದಿಕೊಂಡ್ರೆ ನಡೆಯುತ್ತೆ" ಎಂದರು. ನನಗೆ ಅಳು ಬಂದಿತ್ತು. ಆದರೆ ಮಾರನೇ ವರ್ಷ ಅದೇ ಅತ್ತೆ "ಇದು ಚೆನ್ನಾಗಿದೆ" ಎಂದಾಗ, ಆ ಮಾತಿನ ತೂಕ ಎಷ್ಟೆಂದು ಗೊತ್ತಾಯಿತು.

ಅವರಿಗೆ ಹುಟ್ಟಿದ ಮನೆ ಇರಲಿಲ್ಲ. ಇತ್ತು, ಆದರೆ ಸರೋವರದ ತಳದಲ್ಲಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಳಗೆ ಅಣೆಕಟ್ಟು ಕಟ್ಟಿ, ಕಣಿವೆಗಳಲ್ಲಿದ್ದವರನ್ನೆಲ್ಲ ಎಬ್ಬಿಸಿದಾಗ ಅತ್ತೆಗೆ ಒಂಬತ್ತು ವರ್ಷ, ತಂಗಿ ಓಸಿಗೆ ಐದು. ಅವರ ತಾಯಿ ಒಲೆ ಬಿಟ್ಟರು, ಮಂಚ ಬಿಟ್ಟರು, ಅಂಗಳದಲ್ಲಿದ್ದ ಹನಿಸಕಲ್ ಗಿಡವನ್ನು ಬಿಡಲಿಲ್ಲ. ಬೇರಿನ ಮಣ್ಣು ಉದುರದಂತೆ ಅಗೆದು, ಬಟ್ಟೆ ಒಗೆಯುವ ತಗಡಿನ ತೊಟ್ಟಿಯಲ್ಲಿ ಕೂರಿಸಿ, ಲಾರಿಯ ಹಿಂಭಾಗದಲ್ಲಿ ಓಸಿಯ ಎರಡು ಕಾಲುಗಳ ನಡುವೆ ಇಟ್ಟರು. "ಇದು ಬಿದ್ರೆ ನೀನೂ ಬಿದ್ದೆ ಅಂತಾನೇ ತಿಳ್ಕೋ" ಎಂದು ಹೇಳಿದ್ದರಂತೆ. ಇಪ್ಪತ್ತೆರಡು ಮೈಲಿ ಆ ಮಗು ಗಿಡವನ್ನು ತಬ್ಬಿಕೊಂಡು ಕೂತಿತ್ತು. ಹೊಸ ಮನೆಯಲ್ಲಿ ಬಾವಿಗೆ ಸೂರು ಕಟ್ಟಿದ್ದ ಬಾವಿಮನೆಯ ಪಕ್ಕದಲ್ಲಿ ಅದನ್ನು ನೆಟ್ಟರು. ನಾನು ನೋಡುವ ಹೊತ್ತಿಗೆ ಅದು ಎರಡಾಳೆತ್ತರ ಬೆಳೆದಿತ್ತು.

ಊರವರ ಸಮಾಧಿಗಳು ಮಾತ್ರ ಸರೋವರದ ಆಚೆ ದಡದ ಗುಡ್ಡದ ಮೇಲೆ ಉಳಿದುಕೊಂಡವು. ಮುಂದೆ ಅತ್ತೆಯ ತಾಯಿಯನ್ನೂ ಅಲ್ಲೇ ಮಣ್ಣು ಮಾಡಿದರು. ಪ್ರತಿ ಮೇ ತಿಂಗಳ ಕೊನೆಯ ಭಾನುವಾರ ಸಮಾಧಿ ಸಿಂಗರಿಸುವ ಡೆಕೊರೇಷನ್ ಹಬ್ಬ. ಎಲ್ಲರೂ ದೋಣಿಯಲ್ಲಿ ಹೋಗಿ, ಹುಲ್ಲು ಕೆರೆದು, ಮಣ್ಣು ಏರಿಸಿ, ಹೂವಿಟ್ಟು, ಅಲ್ಲೇ ಉದ್ದದ ಹಲಗೆಗಳ ಮೇಲೆ ಬುತ್ತಿ ಬಿಚ್ಚಿ ಊಟ ಮಾಡಿ ಬರುವುದು. ಅತ್ತೆಯ ಅಜ್ಜಿಯ ಕಾಲದಿಂದಲೂ ಅವರ ಮನೆಯವರು ಇಡುತ್ತಿದ್ದುದು ಆ ಗಿಡದ ಹೂವೇ.

ಆ ಗಿಡವನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಅದಕ್ಕೊಂದು ಪದ್ಧತಿ ಇತ್ತು. ಬೇಕಾದವರು ತಮ್ಮದೇ ಒಂದು ಚಪ್ಪಟೆ ಕಲ್ಲು ತರಬೇಕು. ಕೆಳಗಿನ ಕೊಂಬೆಯೊಂದನ್ನು ಬಗ್ಗಿಸಿ, ತೊಗಟೆ ತುಸು ಕೆರೆದು, ಮಣ್ಣಲ್ಲಿ ಹೂತು, ಮೇಲೆ ಆ ಕಲ್ಲು ಹೇರುವುದು. ಎರಡು ವರ್ಷಕ್ಕೆ ಬೇರು ಬಿಡುತ್ತದೆ. ಆಗ ಕೊಂಬೆ ಕತ್ತರಿಸಿ ಒಯ್ಯಬಹುದು, ಕಲ್ಲು ಅಲ್ಲೇ ಬಿಟ್ಟು ಹೋಗಬೇಕು. ಹೀಗೆ ಗಿಡದ ಸುತ್ತ ಹನ್ನೊಂದು ಕಲ್ಲುಗಳಿದ್ದವು. ಒಂದು ಓಸಿ ಚಿಕ್ಕತ್ತೆಯದು. ನನ್ನದು ಇರಲಿಲ್ಲ.

ಯಾಕೆ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ನಾನು ಈ ಬೆಟ್ಟದವಳಲ್ಲ. ಉತ್ತರ ಕೆರೊಲಿನಾದವಳೇ, ಆದರೆ ಪೂರ್ವದ ಬಯಲಿನವಳು, ಶಾಲೆಯಲ್ಲಿ ಟೀಚರು. ನಮ್ಮ ಕಡೆ ಹನಿಸಕಲ್ ಎಂದರೆ ಹೊರದೇಶದಿಂದ ಬಂದ ಕಳೆ. ಒಂದು ಬಳ್ಳಿಯ ಜಾತಿ, ಒಂದು ಪೊದೆಯ ಜಾತಿ. ಎರಡೂ ಹಬ್ಬಿ ನಮ್ಮ ಗಿಡಗಳನ್ನೆಲ್ಲ ಕತ್ತು ಹಿಸುಕಿ ಕೊಲ್ಲುತ್ತವೆ. ಜಿಲ್ಲಾ ಕಚೇರಿಯವರು ನಡೆಸುವ ತೋಟಗಾರಿಕೆ ತರಬೇತಿಗೆ ಹದಿಮೂರು ವಾರ ಹೋಗಿ ಒಂದು ಹಸಿರು ಬಿಲ್ಲೆಯನ್ನೂ ಸಂಪಾದಿಸಿದ್ದೆ. ಅರ್ಧ ಕಲಿತವರ ಅಬ್ಬರ ಹೆಚ್ಚು ಎನ್ನುತ್ತಾರಲ್ಲ, ಆ ಬಿಲ್ಲೆಯನ್ನು ಚರ್ಚಿಗೂ ಚುಚ್ಚಿಕೊಂಡು ಹೋಗುತ್ತಿದ್ದೆ. ಮದುವೆಯ ದಿನ ಅತ್ತೆ, "ಒಂದು ಕಲ್ಲು ತಗೊಂಡು ಬಾ, ಹನಿಸಕಲ್ ಕೊಡ್ತೀನಿ" ಎಂದಾಗ ನಾನು ನಕ್ಕು, ನಮ್ಮೂರಲ್ಲಿ ಅದನ್ನು ನೆಡುವುದಿಲ್ಲ, ಕಿತ್ತೆಸೆಯುತ್ತೇವೆ ಎಂದಿದ್ದೆ.

ಬೆಟ್ಟದ ಹಳಬರು ಹನಿಸಕಲ್ ಎನ್ನುವುದು ಇಲ್ಲೇ ಕಾಡಿನಲ್ಲಿ ಹುಟ್ಟುವ ಅಜೇಲಿಯಾಕ್ಕೆ, ಬೆಂಕಿ ಬಣ್ಣದ ಹೂವಿನ ಆ ಪೊದೆಗೆ. ನನಗೆ ಇದು ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ನಮಗೆ ಶಾಲೆ ಇರುತ್ತಿದ್ದುದರಿಂದ ಮದುವೆಯಾಗಿ ಮೂರು ವರ್ಷವಾದರೂ ಆ ಗಿಡ ಹೂ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಚಳಿಗಾಲದಲ್ಲಿ ಬರುತ್ತಿದ್ದೆ, ಆಗ ಅದು ಬರೀ ಕಡ್ಡಿ.

ನಾಲ್ಕನೆಯ ವರ್ಷ ಜನವರಿಯಲ್ಲಿ ಅತ್ತೆ ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ನಾನು ಕೆಲಸ ಬಿಟ್ಟು, ಗಂಡ ಗಾರ್ಲೆಂಡ್ ಜೊತೆ ಇಲ್ಲಿಗೆ ಬಂದು ನೆಲೆಸಿದೆ. ಅವನು ಕರೆಂಟ್ ಕಂಪನಿಯ ಲೈನ್‌ಮನ್. ಫೆಬ್ರವರಿಯ ಹಿಮದ ಬಿರುಗಾಳಿಗೆ ತಂತಿಗಳು ಹರಿದು ಬಿದ್ದಾಗ ಹತ್ತು ದಿನ ಮನೆ ಕಡೆ ತಲೆ ಹಾಕಲಿಲ್ಲ. ಆ ಹೊತ್ತಿನಲ್ಲೇ ಅತ್ತೆ ಆಸ್ಪತ್ರೆಯಿಂದ ಫೋನ್ ಮಾಡಿದರು. ನೋವಿನ ಮಾತ್ರೆಗೆ ನಾಲಿಗೆ ಹೊರಳುತ್ತಿರಲಿಲ್ಲ.

"ಡೆಕೊರೇಷನ್ ಹೊತ್ತಿಗೆ ನಡೀತೀನೋ ಇಲ್ವೋ ಗೊತ್ತಿಲ್ಲ. ನೀನು ಹನಿಸಕಲ್ ಒಂಚೂರು ನೋಡ್ಕೊ ಮಗಳೇ. ಬಾವಿಮನೆ ಪಕ್ಕದ್ದು."

"ಯೋಚ್ನೆ ಮಾಡ್ಬೇಡಿ ಅತ್ತೆ, ಪೂರ್ತಿ ನೋಡ್ಕೋತೀನಿ" ಎಂದೆ.

ಕೊನೆಗೂ ನನ್ನ ಮಾತು ಒಪ್ಪಿದರಲ್ಲ ಎಂದು ಹಿಗ್ಗಿದೆ. ಹಬ್ಬಕ್ಕೆ ಮುಂಚೆ ಅಂಗಳ ಚೊಕ್ಕ ಮಾಡಿಸಬೇಕೆಂದು ಹೇಳುತ್ತಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಬಿಸಿಲು ಬಿದ್ದಿತ್ತು. ಗರಗಸ, ಕುಂಚ, ಕಳೆನಾಶಕದ ಡಬ್ಬಿ ತೆಗೆದುಕೊಂಡು ಹೊರಟೆ. ಬೇಲಿ ಮೇಲಿನ ಬಳ್ಳಿ ಕಿತ್ತು ಮುಗಿಸಿ ಬಾವಿಮನೆ ಕಡೆ ಬಂದೆ. ಪೊದೆಯ ಜಾತಿಯದು ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಕಡ್ಡಿ ಮುರಿದು ನೋಡಿದರೆ ಸಾಕಿತ್ತು. ಕಳೆಯಾದರೆ ಕಡ್ಡಿ ಒಳಗೆ ಟೊಳ್ಳಿರುತ್ತದೆ ಎಂದು ತರಬೇತಿಯ ಮೂರನೇ ವಾರವೇ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದವಳು ನಾನು. ಇಲ್ಲಿ ಒಂದೇ ಒಂದು ಕಡ್ಡಿ ಮುರಿಯಲಿಲ್ಲ. ತುದಿಗಳಲ್ಲಿ ದಪ್ಪ ದಪ್ಪ ಮೊಗ್ಗು ಕೂತಿದ್ದವು, ಅವನ್ನೂ ಕಂಡೆ. ಕಂಡೂ ಗರಗಸ ಇಟ್ಟೆ. ಅಲ್ಲಿ ನೆಟ್ಟು ಅರವತ್ತು ವರ್ಷವಾಗಿದ್ದ ಬುಡ, ಮಧ್ಯಾಹ್ನದ ತನಕ ಹಿಡಿಯಿತು. ಮತ್ತೆ ಚಿಗುರಬಾರದೆಂದು ಕೊರಡಿಗೆ ಕಳೆನಾಶಕವನ್ನು ಎರಡು ಸಲ ಬಳಿದೆ. ಗರಗಸಕ್ಕೆ ಅಡ್ಡ ಬಂದ ಕಲ್ಲುಗಳನ್ನು ಎತ್ತಿ ಒಯ್ದು ನನ್ನ ಹೂವಿನ ಪಾತಿಗೆ ಅಂಚು ಕಟ್ಟಿದೆ. ಚೆನ್ನಾಗಿ ಕಾಣುತ್ತಿತ್ತು.

ಗಾರ್ಲೆಂಡ್ ಬಂದವನು ಬೂಟು ಕಳಚಲಿಕ್ಕೆ ಹಿತ್ತಲ ಮೆಟ್ಟಿಲ ಮೇಲೆ ಕೂತ. ಒಂದು ಬೂಟು ಕೈಯಲ್ಲೇ ಉಳಿಯಿತು.

"ಅಮ್ಮನ ಹನಿಸಕಲ್ ಎಲ್ಲಿ?"

"ಅವರೇ ಹೇಳಿದ್ರು ನೋಡ್ಕೊ ಅಂತ" ಎಂದೆ.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ತೊಟ್ಟಿ, ಲಾರಿ, ಓಸಿಯ ಕಾಲುಗಳ ನಡುವಿನ ಗಿಡ, ಅದು ಬೆಂಕಿ ಬಣ್ಣದ ಕಾಡು ಅಜೇಲಿಯಾ ಎನ್ನುವುದು, ಸಮಾಧಿಗೆ ಇಡುವ ಹೂ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆನೋ ಏನೋ. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಭೂಮಿಯನ್ನೂ ನಾನೇ ವಿಷ ಬಳಿದು ಕೆಡಿಸಿದ್ದೆ. ಕೊರಡು ತೊಳೆದೆ, ನೀರು ಸುರಿದೆ. ಏನೂ ಆಗಲಿಲ್ಲ.

ಆಗಲೇ ಆಸ್ಪತ್ರೆಗೆ ಹೋಗಿ ಹೇಳಿಬಿಡಬೇಕಿತ್ತು. ಗಾರ್ಲೆಂಡ್ ಹೇಳೋಣ ಎಂದ. ಬಿದ್ದು ಮಲಗಿರುವವರಿಗೆ ಈಗ ಬೇಡ ಎಂದೆ ನಾನು. ಅವರ ಮೇಲಿನ ಕನಿಕರದಿಂದ ಹಾಗೆ ಹೇಳಿದೆ ಎಂದು ಎಷ್ಟೋ ದಿನ ನಂಬಿದ್ದೆ. ಕನಿಕರವಲ್ಲ, ಮುಖ ಉಳಿಸಿಕೊಳ್ಳುವ ಆಸೆ. ಎಂಬತ್ತು ಮೈಲಿ ದೂರದ ನರ್ಸರಿಗೆ ಹೋಗಿ, ಅದೇ ಬಣ್ಣದ, ಸೊಂಟದೆತ್ತರದ ಒಂದು ಅಜೇಲಿಯಾ ತಂದೆ. ಕೊರಡಿನಿಂದ ದೂರ, ಬಾವಿಮನೆಯ ಇನ್ನೊಂದು ಮಗ್ಗುಲಲ್ಲಿ ನೆಟ್ಟೆ. ಗುಂಡಿ ಅಗಲವಾಗಿ ತೋಡಿ, ಆಳ ಕಡಿಮೆ ಮಾಡಿ, ಬೇರಿನ ಮುದ್ದೆಯ ತಲೆ ನೆಲಕ್ಕಿಂತ ಒಂದು ಬೆರಳು ಮೇಲೆ ಇರುವಂತೆ ಕೂರಿಸಿ, ಕೊಳೆತ ಎಲೆಗೊಬ್ಬರ ಬೆರೆಸಿ, ಮೇಲೆ ಪೈನ್ ಎಲೆ ಹಾಸಿದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ಪುಸ್ತಕದ ಪ್ರಕಾರ ನೂರಕ್ಕೆ ನೂರು. ಉಳಿದ ಪೈನ್ ಎಲೆಯನ್ನು ಹಳೇ ಕೊರಡಿನ ಮೇಲೆ ಹರವಿ ಮುಚ್ಚಿದೆ.

ಮೇ ಎರಡನೇ ವಾರ ಅತ್ತೆ ವಾಕರ್ ಹಿಡಿದು ಮನೆಗೆ ಬಂದರು. ಮೊದಲು ಹೋದದ್ದೇ ಬಾವಿಮನೆ ಹತ್ತಿರ. ನಾನು ಹಿಂದೆಯೇ ಹೋಗಿ, ಕಲಿತ ಪಾಠ ಒಪ್ಪಿಸಿದೆ: ಬಿರುಗಾಳಿಗೆ ಓಕ್ ಮರದ ಕೊಂಬೆ ಮುರಿದು ಗಿಡದ ಮೇಲೆ ಬಿತ್ತು, ಬುಡದಲ್ಲಿ ಬೇರು ಬಿಟ್ಟ ಒಂದು ಕೊಂಬೆ ಬದುಕಿತ್ತು, ಅದನ್ನೇ ಇಲ್ಲಿ ನೆಟ್ಟಿದ್ದೇನೆ. ಗಾರ್ಲೆಂಡ್ ಕಾರಿನಿಂದ ಚೀಲ ಇಳಿಸುವ ನೆಪದಲ್ಲಿ ಅಲ್ಲೇ ಉಳಿದ. ಅತ್ತೆ ಬಗ್ಗಿ, ಅರಳಿದ ಗೊಂಚಲಿನ ಹತ್ತಿರ ಮುಖ ತಂದು ಎಷ್ಟೋ ಹೊತ್ತು ನಿಂತರು.

"ಚೆನ್ನಾಗಿ ನೆಟ್ಟಿದ್ದೀಯ" ಎಂದರು.

ಅವರು ಸುಳ್ಳು ಹೇಳುವವರಲ್ಲ. ಹಾಗಾಗಿ ಗೆದ್ದೆ ಎಂದುಕೊಂಡೆ. ಅವರು ಹೇಳಿದ್ದೂ ನಿಜವೇ. ನೆಟ್ಟದ್ದಂತೂ ಚೆನ್ನಾಗಿಯೇ ಇತ್ತು.

ಡೆಕೊರೇಷನ್ ದಿನ ಆ ಹೂಗಳನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ದೋಣಿ ಹತ್ತಿದೆವು. ಗುಡ್ಡದ ಮೇಲೆ ಐವತ್ತು ಜನ ಸೇರಿದ್ದರು. ಓಸಿ ಚಿಕ್ಕತ್ತೆ ಬೆಟ್ಟದ ಆಚೆ ಹನ್ನೊಂದು ಮೈಲಿಯಲ್ಲಿ ಒಬ್ಬರೇ ಇದ್ದವರು, ಬಾಯಿ ಜೋರು, ಅಕ್ಕ ಎಂದರೆ ಪ್ರಾಣ. ಸಮಾಧಿ ಮೇಲಿನ ಮಣ್ಣು ಏರಿಸಿ ಕೈ ಒರೆಸಿಕೊಂಡು ಬಂದವರು, ನನ್ನ ಕೈಯಿಂದ ಒಂದು ಗೊಂಚಲು ತೆಗೆದುಕೊಂಡರು. ಅವರ ಕೈ ನಿಂತಿತು. ಮೂಗಿನ ಹತ್ತಿರ ಹಿಡಿದರು.

"ಅಕ್ಕಾ, ಅಮ್ಮನ ಹನಿಸಕಲ್‌ಗೆ ವಾಸನೆ ಯಾವಾಗಿಂದ ಬಂತು?"

ನನಗೆ ತಿಳಿದದ್ದು ಆಗಲೇ. ಬೆಟ್ಟದ ಆ ಕಾಡು ಹೂವಿಗೆ ಕಂಪು ಇಲ್ಲವೆನ್ನುವಷ್ಟು ಕಡಿಮೆ. ನರ್ಸರಿಯವರದು ಬೆರಕೆ ತಳಿ, ಗಮಗಮ ಎನ್ನುತ್ತಿತ್ತು. ಅತ್ತೆ ಮನೆಗೆ ಬಂದ ದಿನವೇ ಅದನ್ನು ಮೂಸಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮೆಲ್ಲನೆ ಬಕೆಟ್ಟನ್ನು ಹಿಂದೆ ಸರಿಸಿದೆ. ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತಿತ್ತು. ಅಷ್ಟರಲ್ಲಿ ಅತ್ತೆ ಮಾತಾಡಿದರು.

"ಅದು ನಾನೇ ಕಡಿಸ್ದೆ. ಮುದಿಯಾಗಿತ್ತು. ಇದು ಅಂಗಡಿದು, ನಾನೇ ತರಿಸಿದ್ದು."

"ಅಮ್ಮನ ಗಿಡಾನ? ನನ್ನ ಒಂದು ಮಾತು ಕೇಳ್ದೆ?"

"ಹೂಂ."

ಓಸಿ ಚಿಕ್ಕತ್ತೆ ಗೊಂಚಲನ್ನು ಬಕೆಟ್ಟಿಗೆ ಹಾಕಿ ಗುಡ್ಡ ಇಳಿದು ಹೋದರು. ಅವರು ತಂದಿದ್ದ ಹುರುಳಿಕಾಯಿ ಪಲ್ಯ, ಮೆಕ್ಕೆಜೋಳದ ರೊಟ್ಟಿ ಹಾಗೇ ಹಲಗೆಯ ಮೇಲೆ ಉಳಿಯಿತು. ನನ್ನ ಬಾಯಲ್ಲಿ ನಾಲಿಗೆ ಇತ್ತು. ಮಕ್ಕಳಿಗೆ ನಿಜ ಹೇಳಿ ಎಂದು ಹನ್ನೆರಡು ವರ್ಷ ಪಾಠ ಮಾಡಿದ ನಾಲಿಗೆ ಅದು. ಆಡಲಿಲ್ಲ. ಎಪ್ಪತ್ತು ವರ್ಷದವರು ನನ್ನ ಮುಂದೆ ನಿಂತು ನನ್ನ ಹೊಲಸನ್ನು ತಮ್ಮ ಮೇಲೆ ಹಾಕಿಕೊಳ್ಳುವಾಗ ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

ವಾಪಸು ಬರುವಾಗ ದೋಣಿಯಲ್ಲಿ ಅವರ ಪಕ್ಕ ಕೂತು ಎಲ್ಲ ಒಪ್ಪಿಕೊಂಡೆ. ಅವರು ನೀರು ನೋಡುತ್ತಿದ್ದರು.

"ಗೊತ್ತು. ಕೊರಡು ನೋಡ್ದೆ. ಓಕ್ ಕೊಂಬೆ ಬಿದ್ರೆ ಅಷ್ಟು ನುಣ್ಣಗೆ ಕುಯ್ಯಲ್ಲ" ಎಂದರು. "ನೋಡ್ಕೊ ಅಂದೆ. ನೀನು ನೋಡ್ಕೊಂಡೆ. ಮಾತು ನಂದೇ ಅಲ್ವಾ."

"ಚಿಕ್ಕತ್ತೆಗೆ ನಾನು ಹೇಳ್ತೀನಿ."

"ಹೇಳೋದಾದ್ರೆ ನೀನೇ ಹೇಳ್ಬೇಕು. ಅಷ್ಟು ಜನದ ಮುಂದೆ ನಿನ್ನ ತಲೆ ತಗ್ಗೋದು ನೋಡಕ್ಕಾಗ್ಲಿಲ್ಲ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಇನ್ನೊಂದ್ಸಲ ನಾನು ಬಾಯಿ ಬಿಡಲ್ಲ."

ಹೇಳುತ್ತೇನೆ ಎಂದೆ. ಜೂನ್‌ನಲ್ಲಿ ಹೇಳಬೇಕೆಂದಿದ್ದೆ. ಜುಲೈನಲ್ಲಿ ಅತ್ತೆಯ ಕಾಲಿಗೆ ಬಾವು ಬಂತು, ಹೋಗಲಾಗಲಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಚಿಕ್ಕತ್ತೆಯ ಗೇಟಿನ ತನಕ ಹೋದೆ. ನಾಯಿ ಬೊಗಳಿತು. ಅವರು ಪರದೆ ಸರಿಸಿ ನೋಡುವ ಮೊದಲೇ ಕಾರು ತಿರುಗಿಸಿದೆ. ನಾಯಿಯನ್ನು ಕಟ್ಟಿಹಾಕಿದ್ದರು, ಇದನ್ನೂ ಬರೆಯಬೇಕು.

ಪ್ರತಿ ಭಾನುವಾರ ಚರ್ಚಿನಿಂದ ಬಂದು ಅತ್ತೆ ತಂಗಿಗೆ ಫೋನ್ ಮಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅತ್ತ ಕಡೆ ರಿಂಗ್ ಆಗುವುದು ನನಗೂ ಕೇಳುತ್ತಿತ್ತು. ಹದಿನೈದು, ಇಪ್ಪತ್ತು ಸಲ ಆದ ಮೇಲೆ ಫೋನ್ ಇಡುತ್ತಿದ್ದರು. ಮನೆಯಲ್ಲಿಲ್ಲವೇನೋ ಎಂದು ಬೇರೆಯವರಾದರೆ ಹೇಳುತ್ತಿದ್ದರು. ಅತ್ತೆ, "ಎತ್ತಲಿಲ್ಲ" ಎಂದಷ್ಟೇ ಹೇಳಿ ತಟ್ಟೆ ಒರೆಸಲು ಬರುತ್ತಿದ್ದರು. ಒಮ್ಮೆಯೂ ನನ್ನ ಮುಖ ನೋಡಿ ಕೇಳಲಿಲ್ಲ, ಹೇಳಿದೆಯಾ ಎಂದು.

ಮಾರ್ಚ್‌ನಲ್ಲಿ, ಭಾನುವಾರವಲ್ಲದ ಒಂದು ದಿನ, ಕುರ್ಚಿಯಲ್ಲಿ ಕೂತಿದ್ದಂತೆಯೇ ಅವರು ಹೋಗಿಬಿಟ್ಟರು. ದೋಣಿಯಲ್ಲಿ ಸಾಗಿಸಿ ಅವರ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಚಿಕ್ಕತ್ತೆ ಬಂದು ಹಿಂದೆ ನಿಂತಿದ್ದರು, ಊಟಕ್ಕೆ ನಿಲ್ಲಲಿಲ್ಲ. ಆಗಲೂ ನಾನು ಹೇಳಲಿಲ್ಲ.

ಆ ಮೇ ತಿಂಗಳ ಡೆಕೊರೇಷನ್‌ಗೆ ಚಿಕ್ಕತ್ತೆ ತಮ್ಮ ಅಂಗಳದ ಗಿಡದ ಹೂ ತಂದಿದ್ದರು. ಹಿಂದೊಮ್ಮೆ ಕಲ್ಲಿಟ್ಟು ಒಯ್ದ ಕೊಂಬೆಯ ಗಿಡ, ವಾಸನೆಯಿಲ್ಲದ್ದು. ತಾಯಿಯ ಸಮಾಧಿಗೆ ಇಟ್ಟರು, ಪಕ್ಕದಲ್ಲಿದ್ದ ಹಳೆಯ ಸಮಾಧಿಗಳಿಗೆ ಇಟ್ಟರು. ಅತ್ತೆಯ ಹೊಸ ಮಣ್ಣಿನ ಮುಂದೆ ಬರಿಗೈಯಲ್ಲಿ ನಿಂತರು.

"ಏನೇ ಮಾಡಿರ್ಲಿ, ಸುಳ್ಳು ಮಾತ್ರ ಹೇಳ್ದೋಳಲ್ಲ ನಮ್ಮಕ್ಕ" ಎಂದರು, ಯಾರಿಗೆಂದಲ್ಲದೆ.

ಸುತ್ತ ಜನ ಇದ್ದರು. ಪಾದ್ರಿಯೂ ಇದ್ದರು.

"ಒಂದು ಹೇಳಿದ್ರು ಚಿಕ್ಕತ್ತೆ" ಎಂದೆ. "ಇಲ್ಲೇ ನಿಂತ್ಕೊಂಡು. ಗಿಡ ಕಡಿದೋಳು ನಾನು. ಅವರು ನೋಡ್ಕೊ ಅಂದಿದ್ರು, ನಾನು ಕಡಿದೆ."

ಉಳಿದದ್ದನ್ನೂ ಹೇಳಿದೆ. ಮೊಗ್ಗು ಕಂಡಿದ್ದು, ವಿಷ ಬಳಿದಿದ್ದು, ಓಕ್ ಕೊಂಬೆಯ ಕಥೆ, ಗೇಟಿನ ತನಕ ಬಂದು ತಿರುಗಿದ್ದು. ಚಿಕ್ಕತ್ತೆ ಪೂರ್ತಿ ಕೇಳಿದರು. ಕೂಗಾಡುತ್ತಾರೆ ಎಂದು ಕಾದೆ.

"ಹತ್ತು ತಿಂಗಳು" ಎಂದರು. "ಹತ್ತು ತಿಂಗಳು ಅವಳ ಫೋನ್ ಎತ್ತಲಿಲ್ಲ ನಾನು. ಅವಳೇ ಅಂತ ಗೊತ್ತಿರ್ತಿತ್ತು. ಕುರ್ಚೀಲಿ ಕೂತ್ಕೊಂಡು ರಿಂಗ್ ಎಣಿಸ್ತಿದ್ದೆ."

ತಾಯಿಯ ಸಮಾಧಿಯಿಂದ ಅರ್ಧ ಹೂ ಎತ್ತಿ ತಂದು ಅಕ್ಕನ ಮಣ್ಣಿನ ಮೇಲೆ ಜೋಡಿಸಿದರು. ನಾನು ಸಹಾಯಕ್ಕೆ ಬಗ್ಗಿದಾಗ ನನ್ನ ಕೈ ಸರಿಸಿದರು. ದೋಣಿ ಹತ್ತುವಾಗ ಮಾತ್ರ ಹಿಂದಿರುಗಿ ನೋಡದೆ, "ಮುಂದಿನ ವಾರ ಬಾ. ಕಲ್ಲು ತಗೊಂಡು ಬಾ" ಎಂದರು. "ಕ್ಷಮಿಸಿದ್ದೀನಿ ಅಂದ್ಕೋಬೇಡ. ಅಮ್ಮನ ಗಿಡ ಆ ಬಾವಿಮನೆ ಹತ್ರ ಇರ್ಬೇಕು, ಅಷ್ಟೆ."

ಮನೆಗೆ ಬಂದು ಹೂಪಾತಿಯ ಅಂಚಿನ ಹನ್ನೊಂದು ಕಲ್ಲುಗಳನ್ನೂ ಕಿತ್ತು ಹಳೇ ಕೊರಡಿನ ಸುತ್ತ ಇಟ್ಟೆ. ಅವುಗಳಲ್ಲಿ ಒಂದನ್ನು ಒಯ್ಯುವ ಮುಖ ನನಗಿರಲಿಲ್ಲ. ಹಳ್ಳಕ್ಕೆ ಇಳಿದು ಬೇರೆ ಕಲ್ಲು ಆರಿಸಿದೆ.

ಮುಂದಿನ ವಾರ ತಮ್ಮ ಅಂಗಳದಲ್ಲಿ ಚಿಕ್ಕತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, ಇನ್ನೂ ದೊಡ್ಡದು ಬೇಕಿತ್ತು ಎಂದರು. ಒಳಗೆ ಕರೆಯಲಿಲ್ಲ. ಒಂದು ಕೊಂಬೆ ತೋರಿಸಿ, ಉಗುರಿನಿಂದ ತೊಗಟೆ ಎಲ್ಲಿ ಕೆರೆಯಬೇಕೆಂದು ಗೆರೆ ಎಳೆದರು. ನಾನು ಮಂಡಿಯೂರಿ, ಕೊಂಬೆ ಬಗ್ಗಿಸಿ, ಮಣ್ಣು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಮನೆಯೊಳಗೆ ಫೋನ್ ರಿಂಗಾಯಿತು. ಅರವತ್ತಾರು ವರ್ಷದ ಆ ಹೆಂಗಸು ಅಂಗಳದಲ್ಲಿದ್ದ ಬಕೆಟ್ಟು ಎಡವಿಕೊಂಡು, ಬಾಗಿಲು ಹಾಗೇ ಬಿಟ್ಟು ಒಳಗೆ ಓಡಿದರು. ಮೂರನೇ ರಿಂಗ್ ಆಗುವ ಮೊದಲೇ ಎತ್ತಿ ಹಲೋ ಎಂದರು, ಆಮೇಲೆ ಮೆಲ್ಲಗೆ, ರಾಂಗ್ ನಂಬರ್ ಎಂದರು.

ನಾನು ತಲೆ ಎತ್ತಲಿಲ್ಲ. ಕಲ್ಲನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡಿದ್ದೆ.